ಮಂದತಾಳಿ

ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೆವು: ಅಮ್ಮ, ಅಮ್ಮನ ಅಕ್ಕನಾದ ದೊಡ್ಡಮ್ಮ, ನಾನು, ಮತ್ತು ನಿಧಾನಪ್ಪ. ನಿಧಾನಪ್ಪ ಒಂದು ಪೆಟ್ಟಿಗೆಯೊಳಗೆ ಇದ್ದ.

ಪೆಟ್ಟಿಗೆ ನೋಡಲು ಎರಡು ದಿನದ ಪ್ರಯಾಣಕ್ಕೆ ಹೊರಟವರ ಸಣ್ಣ ಸೂಟ್‌ಕೇಸಿನ ಹಾಗಿತ್ತು. ಕಪ್ಪು ಬಟ್ಟೆ ಅಂಟಿಸಿದ ಮೈ, ಮೂಲೆಗಳಿಗೆ ತಗಡಿನ ಕಟ್ಟು, ಕೈಬೆವರು ಕುಡಿದು ಕಪ್ಪಾದ ಚರ್ಮದ ಹಿಡಿ. ಮುಚ್ಚಳ ಎತ್ತಿದರೆ ಹಸಿರು ಮಖಮಲ್ಲಿನ ದುಂಡು ತಟ್ಟೆ, ಕತ್ತು ಮಡಿಚಿ ಮಲಗಿದ ಕೊಕ್ಕರೆಯಂಥ ಲೋಹದ ತೋಳು, ಮೂಲೆಯಲ್ಲಿ ಮುಳ್ಳುಗಳಿಗೆಂದು ಒಂದು ಪುಟ್ಟ ಬಟ್ಟಲು. ಬಲಮಗ್ಗುಲಿನ ತೂತಿಗೆ ಹ್ಯಾಂಡಲ್ ಸಿಕ್ಕಿಸಿ ಕೀಲಿ ಕೊಟ್ಟರೆ ಆಯಿತು. ಕರೆಂಟಿನ ಹಂಗಿಲ್ಲದೆ ಎಲ್ಲಿ ಬೇಕಾದರೂ ಹಾಡುವ ಗ್ರಾಮಫೋನು. ತಾತ ಸರ್ವೆ ಕೆಲಸದಲ್ಲಿದ್ದರು. ವರ್ಷದ ಅರ್ಧ ಡೇರೆಯಲ್ಲೇ ಕಳೆಯುತ್ತಿದ್ದರಂತೆ. ಅಳತೆಯ ಸರಪಳಿ, ಲಾಟೀನು, ನೀರಿನ ಡಬ್ಬ, ಅವುಗಳ ಜೊತೆ ಈ ಪೆಟ್ಟಿಗೆ. ಸಂಜೆ ಕುರ್ಚಿಯ ಮೇಲೆ ಅದನ್ನಿಟ್ಟು ಮುಚ್ಚಳ ತೆರೆದರೆ, ಡೇರೆಗೊಂದು ಕಿಟಕಿ ಬಂದ ಹಾಗಾಗುತ್ತಿತ್ತು ಎಂದು ಹೇಳುತ್ತಿದ್ದರಂತೆ.

ತಾತನಿಗೆ ಒಂದೇ ಭಯ, ಸ್ಪ್ರಿಂಗು ತುಂಡಾದೀತು ಎಂದು. ಆದ್ದರಿಂದ ಕೀಲಿ ಇಪ್ಪತ್ತೇ ಸುತ್ತು. ಇಪ್ಪತ್ತೊಂದನೆಯ ಸುತ್ತಿಗೆ ಕೈ ಹೋದರೆ ಎಲ್ಲಿದ್ದರೂ ಅವರಿಗೆ ಗೊತ್ತಾಗುತ್ತಿತ್ತಂತೆ. ತಾತ ಹೋದರು, ಇಪ್ಪತ್ತು ಉಳಿಯಿತು. ಅಮ್ಮ ಟೀಗೆ ಸಕ್ಕರೆ ಹಾಕುವಾಗ ದೊಡ್ಡಮ್ಮ "ಸಾಕು, ಇಪ್ಪತ್ತಾಯ್ತು" ಅನ್ನುತ್ತಿದ್ದಳು. ಅವರಿಬ್ಬರ ಜಗಳ ಅತಿಯಾದಾಗ ನಾನೂ ಅದನ್ನೇ ಅನ್ನುತ್ತಿದ್ದೆ. ಉಳಿಸಿಟ್ಟುಕೊಂಡು ಬದುಕುವ ಮನೆತನ ನಮ್ಮದು. ಹೊಸ ಟವೆಲ್ಲು ಬೀರುವಿನಲ್ಲೇ ಹಳತಾಗುತ್ತದೆ.

ಮೊದಲು ಹಾಡಿನ ಆರು ಪ್ಲೇಟುಗಳಿದ್ದವು. ಐದರ ಮೇಲೆ ನಾನು ಕೂತೆ. ಆಗ ನನಗೆ ನಾಲ್ಕು ವರ್ಷ. ಸೋಫಾದ ಮೇಲೆ ಅವುಗಳನ್ನು ಒಣಬಟ್ಟೆಯಿಂದ ಒರೆಸಿ ಪೇರಿಸಿಟ್ಟಿದ್ದರು. ಹಪ್ಪಳ ಮುರಿದಂಥ ಆ ಸದ್ದು ಇವತ್ತಿಗೂ ನನ್ನ ಬೆನ್ನಹುರಿಯಲ್ಲಿದೆ. ಅಲ್ಲಿಂದ ಮುಂದೆ ನಾನು ಕೂರುವ ಮೊದಲು ಕುರ್ಚಿ ನೋಡುತ್ತೇನೆ, ಮಾತಾಡುವ ಮೊದಲು ಮಾತು ನೋಡುತ್ತೇನೆ. ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿದ್ದೂ ಬಹುಶಃ ಹಾಗೆಯೇ. ಆದರೆ ಆ ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ಮತ್ತೆ ನಾನಾಗಿ ಎತ್ತಿರಲಿಲ್ಲ. ಕೀಲಿ ಕೊಡುವುದು ದೊಡ್ಡಮ್ಮ, ಕೇಳುವುದು ನಾನು.

ಉಳಿದ ಆ ಒಂದು ಪ್ಲೇಟಿನಲ್ಲಿ ನಿಧಾನಪ್ಪ ಇದ್ದ. ಪ್ಲೇಟಿನ ನಡುವಿನ ಕಾಗದ ಯಾವತ್ತೋ ನೀರು ಬಿದ್ದು ಕಿತ್ತುಹೋಗಿತ್ತು, ಅವನ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮುಳ್ಳು ಇಟ್ಟ ಕೂಡಲೇ ಮೊದಲು ಒದ್ದೆ ಬಟ್ಟೆಗೆ ಇಸ್ತ್ರಿ ಹಾಕಿದ ಸದ್ದು. ಅದರ ಹಿಂದಿನಿಂದ, ನೆಲಮಾಳಿಗೆಯಲ್ಲಿ ಯಾರೋ ಭಾರವಾದ ಮಂಚ ಸರಿಸಿದ ಹಾಗೆ, ಅವನ ದನಿ. ಭಾಷೆ ಯಾವ ದೇಶದ್ದೋ. ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು: "ಮಂ...ದೇ...ತಾ...ಳೀ..."

ಮಂದತಾಳಿ ಅವನ ಹೆಂಡತಿಯ ಹೆಸರು ಎಂದು ದೊಡ್ಡಮ್ಮ ನನಗೆ ಚಿಕ್ಕಂದಿನಲ್ಲಿ ಹೇಳಿದ್ದಳು. ಅವಳು ಜ್ವರದಲ್ಲಿ ತೀರಿಕೊಂಡಳು. ಅವನು ಅವಳ ಹೆಸರು ಹಿಡಿದು ಊರೂರು ಅಲೆಯುತ್ತಾನೆ. ಮೂರನೆಯ ಚರಣಕ್ಕೆ ಬರುವಷ್ಟರಲ್ಲಿ ದಣಿದು ಹಾದಿಯಲ್ಲೇ ನಿದ್ದೆ ಹೋಗುತ್ತಾನೆ. ನಿಜ, ಮೂರನೆಯ ಚರಣದಲ್ಲಿ ಇಪ್ಪತ್ತು ಸುತ್ತಿನ ಕೀಲಿ ಮುಗಿಯುತ್ತಿತ್ತು. ದನಿ ಗೊರಕೆಯಾಗಿ ತಟ್ಟೆ ನಿಲ್ಲುತ್ತಿತ್ತು. ಮಧ್ಯಾಹ್ನದ ಬಿಸಿಲು ಪರದೆಯ ನೂಲಿನಲ್ಲಿ ಸೋಸಿ ನೆಲಕ್ಕೆ ಬೀಳುವ ಹೊತ್ತು ಅದು. ನಾನು ಚಾಪೆಯ ಮೇಲೆ ಮಲಗಿ, ಕಾಣದ ಆ ಹೆಂಗಸಿಗಾಗಿ ಕಣ್ಣೀರು ಹಾಕಿ, ಹಾಗೇ ನಿದ್ದೆ ಹೋಗುತ್ತಿದ್ದೆ. ಕನಸಿನಲ್ಲೂ ಹಸಿರು ತಟ್ಟೆ ತಿರುಗುತ್ತಿತ್ತು.

ಕಾಲಕ್ರಮೇಣ ಅದು ಮನೆಮಾತಾಯಿತು. ಕಾರಣವಿಲ್ಲದೆ ಮನಸ್ಸು ಭಾರವಾದರೆ ನಮ್ಮಲ್ಲಿ ಯಾರೂ ಬೇಸರ ಅನ್ನುವುದಿಲ್ಲ. "ಇವತ್ತು ಯಾಕೋ ಮಂದತಾಳಿ" ಅನ್ನುತ್ತೇವೆ. ಕಾಲೇಜಿನಲ್ಲಿ ಒಮ್ಮೆ ಪ್ರಬಂಧದಲ್ಲೇ ಬರೆದುಬಿಟ್ಟಿದ್ದೆ. ಮೇಷ್ಟರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, "ಯಾವ ನಿಘಂಟು?" ಎಂದು ಬರೆದಿದ್ದರು.

ದೊಡ್ಡಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು. ಬಲಗಿವಿಗೆ ಕಟ್ಟಿಕೊಂಡ ಯಂತ್ರದಲ್ಲಿ ಊರಿನವರ ಮಾತನ್ನೆಲ್ಲ ಕೂಡಿಸುತ್ತಿದ್ದಳು. "ಎಷ್ಟು ಜನರ ಜಗಳ ಜೋಡಿಸಿದೀನಿ ಗೊತ್ತಾ ಈ ಕೈಯಲ್ಲಿ" ಅನ್ನುತ್ತಿದ್ದಳು. ನಿವೃತ್ತಿಯಾದ ಮೇಲೆ ಮೊದಲು ಆ ಕಿವಿ ಹೋಯಿತು, ನಿಧಾನವಾಗಿ ಇನ್ನೊಂದೂ ಅದರ ಹಿಂದೆ ಹೊರಟಿತು.

"ಅಕ್ಕಾ, ಸೋಪು ಎಲ್ಲಿಟ್ಟಿದೀಯ?" ಅಮ್ಮ ಬಚ್ಚಲಿನಿಂದ ಕೂಗುತ್ತಾಳೆ.

"ಸೂಪಾ? ಈಗ ಯಾರಿಗೆ ಹುಷಾರಿಲ್ಲ?"

"ನಿನ್ನ ತಲೆ! ಸೋಪು! ನೊರೆ ಬರೋದು!"

"ತಲೆನೋವಾ? ಮತ್ತೆ ಸೂಪು ಯಾಕೆ, ಮಾತ್ರೆ ತಗೋ."

ಕಿವಿಗೆ ಹಾಕಿಕೊಳ್ಳುವ ಯಂತ್ರ ತಂದೆವು. ಅದನ್ನು ಹಾಕಿದರೆ ಎಲ್ಲರೂ ಬಿಸ್ಕತ್ತಿನ ಡಬ್ಬಿಯೊಳಗೆ ಕೂತು ಮಾತಾಡಿದ ಹಾಗಿದೆ ಎಂದು ಡ್ರಾಯರಿಗೆ ಹಾಕಿದಳು. ಕಿವಿಯ ಡಾಕ್ಟರು ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಎಡಗಡೆ ಸ್ವಲ್ಪ ದೂರ ನೆಟ್ಟಗೆ ಬಂದ ಗೆರೆ, ಆಮೇಲೆ ಬಾವಿಯ ಮೆಟ್ಟಿಲಿನಂತೆ ಇಳಿದುಹೋಗಿತ್ತು.

"ಎತ್ತರದ ಸದ್ದುಗಳು ಪೂರ್ತಿ ಹೋಗಿವೆ. ಹಕ್ಕಿ, ಗಂಟೆ, ಮಕ್ಕಳ ದನಿ. ತಗ್ಗಿನ ಸದ್ದು ಇನ್ನೂ ಇದೆ. ಅದೂ ಎಷ್ಟು ದಿನ ಅಂತ ಹೇಳಕ್ಕಾಗಲ್ಲ. ಆರು ತಿಂಗಳು ಅಂದ್ಕೊಳ್ಳಿ."

ಅದೇ ವಾರ ಗ್ರಾಮಫೋನೂ ಕೈಕೊಟ್ಟಿತು. ಮೊದಲನೆಯ ಚರಣದಲ್ಲೇ ತಟ್ಟೆ ತೂಕಡಿಸಿ ನಿಂತಿತು. ದೊಡ್ಡಮ್ಮ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು ತುಂಬ ಹೊತ್ತು ಕೂತಳು. ಆಮೇಲೆ ನನ್ನ ಕಡೆ ತಿರುಗಿ ಕಿವುಡರ ಗಟ್ಟಿ ದನಿಯಲ್ಲಿ ಹೇಳಿದಳು:

"ಈ ಕಿವಿ ಬಾಗಿಲು ಹಾಕೋ ಮೊದಲು ಅವನನ್ನ ಒಂದು ಸಲ ಕೇಳಬೇಕು ಕಣೇ. ಅಷ್ಟು ಮಾಡಿಸ್ಕೊಡು."

ಅವಳು ತನಗಾಗಿ ಯಾವತ್ತೂ ಏನನ್ನೂ ಕೇಳಿದವಳಲ್ಲ. ಮಾರನೆಯ ದಿನ ನಾನು ಪೆಟ್ಟಿಗೆಯನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ, ಪ್ಲೇಟನ್ನು ಎರಡು ದಪ್ಪ ಪುಸ್ತಕಗಳ ನಡುವೆ ಕಟ್ಟಿ, ಬಸ್ಸಿನಲ್ಲಿ ಪಕ್ಕದವರು ನನ್ನ ಕಡೆ ವಾಲಿದಾಗಲೆಲ್ಲ ಉಸಿರು ಹಿಡಿದು, ಹೊಲಿಗೆ ಮಿಷನ್ ಮತ್ತು ಗಡಿಯಾರ ರಿಪೇರಿ ಮಾಡುವ ಅಂಗಡಿಗೆ ಹೋದೆ.

ರಿಪೇರಿಯವರಿಗೆ ಎಪ್ಪತ್ತರ ಹತ್ತಿರ. ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡೇ ಮಾತಾಡುತ್ತಿದ್ದರು. ಮುಚ್ಚಳ ತೆಗೆದವರು ತಟ್ಟೆಯ ಪಕ್ಕ ಬೆರಳಿಟ್ಟರು. ಅಲ್ಲಿ ಕಂದು ಬಣ್ಣದ, ಹೆಬ್ಬೆರಳಗಲದ ಪಟ್ಟಿಯೊಂದಿತ್ತು. ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅದು ಯಂತ್ರದ್ದೇ ಅಂಗ ಎಂದುಕೊಂಡಿದ್ದೆ.

"ಇದಕ್ಕೆ ಯಾರಮ್ಮ ಬ್ಯಾಂಡೇಜು ಹಾಕಿದ್ದು? ಗಾಯ ಆಗಿತ್ತಾ?"

"ನಮ್ಮ ತಾತ ಇರಬೇಕು."

"ಡಾಕ್ಟರಾ?"

"ಇಲ್ಲ, ಸರ್ವೆಯವರು."

"ಅದಕ್ಕೇ ಅಳತೆ ತಪ್ಪಿದೆ."

ಅವರು ಚಿಮಟದಿಂದ ಪಟ್ಟಿಯನ್ನು ಕಿತ್ತರು. ಗಾಯಕ್ಕೆ ಅಂಟಿಸುವ ಹಳೆಯ ಪ್ಲಾಸ್ಟರೇ ಅದು. ಅಡಿಯಲ್ಲಿ ಉಗುರಿನ ಆಕಾರದ ಒಂದು ಸೀಳು, ಅದರಲ್ಲೊಂದು ಕಡ್ಡಿ. ಒಂದು ತುದಿಗೆ ನಿಧಾನ, ಇನ್ನೊಂದು ತುದಿಗೆ ಬೇಗ ಎಂದು ಸೂಚಿಸುವ ಗುರುತುಗಳು. ಕಡ್ಡಿ ನಿಧಾನದ ತುದಿಗೆ ಒರಗಿತ್ತು.

"ನಿಮ್ಮ ತಾತ ಇದನ್ನ ಪೂರ್ತಿ ಈ ಕಡೆ ತಳ್ಳಿ ಸೀಲು ಮಾಡ್ಬಿಟ್ಟಿದಾರೆ. ಮೆಲ್ಲಗೆ ತಿರುಗಿದ್ರೆ ಸ್ಪ್ರಿಂಗಿಗೆ ಆಯಾಸ ಆಗಲ್ಲ ಅಂತ ಅಂದ್ಕೊಂಡಿರಬೇಕು. ಸ್ಪ್ರಿಂಗಿಗೆ ಇದೆಲ್ಲ ಗೊತ್ತೇ ಆಗಲ್ಲಮ್ಮ. ಆಯಾಸ ಏನಿದ್ರೂ ಹಾಡೋರಿಗೆ."

ಒಂದು ವಾರ ಬಿಟ್ಟು ಹೋದಾಗ ಪೆಟ್ಟಿಗೆ ಮೇಜಿನ ಮೇಲೆ ಹೊಳೆಯುತ್ತಿತ್ತು. ಒಳಗಿನ ಎಣ್ಣೆಜಿಡ್ಡು ಬೆಲ್ಲದ ಹಾಗೆ ಗಟ್ಟಿಯಾಗಿತ್ತಂತೆ, ತೊಳೆದಿದ್ದರು. ಅವರು ಕೀಲಿ ಕೊಡತೊಡಗಿದರು. ನಾನು ಎಣಿಸುತ್ತಿದ್ದೆ. ಇಪ್ಪತ್ತಾಯಿತು, ಕೈ ನಿಲ್ಲಲಿಲ್ಲ. ಇಪ್ಪತ್ತೈದು, ಮೂವತ್ತು. ನಾನು ಮೇಜಿನ ಅಂಚು ಹಿಡಿದುಕೊಂಡೆ.

"ಯಾಕಮ್ಮಾ, ನಿಮಗೆ ಕೀಲಿ ಕೊಡ್ತಿಲ್ಲ ನಾನು," ಎಂದು ನಕ್ಕು, ಮೂವತ್ತಾರಕ್ಕೆ ನಿಲ್ಲಿಸಿ ಮುಳ್ಳನ್ನು ಇಳಿಸಿದರು.

ಒಬ್ಬಳು ಹೆಂಗಸು ಹಾಡಿದಳು.

ಎಳೆಯ ಪ್ರಾಯದ, ಚುರುಕಾದ, ನಗೆ ತಡೆದುಕೊಂಡ ದನಿ. ನಾನು ಪ್ಲೇಟು ಬದಲಾಗಿದೆ ಎಂದುಕೊಂಡೆ. ಆದರೆ ಅಂಚಿನಲ್ಲಿ ನಾನು ಚಿಕ್ಕಂದಿನಿಂದ ನೋಡಿದ್ದ ಬಿರುಕು ಇತ್ತು. ಅದಲ್ಲದೆ ಅವಳು ಹಾಡುತ್ತಿದ್ದುದು ಯಾವ ದೇಶದ ಭಾಷೆಯೂ ಅಲ್ಲ. ನಮ್ಮದೇ.

*ಬಂದೆ ತಾಳೇ, ಬಂದೆ ತಾಳೇ,*
*ಬಾಗಿಲು ಹಾಕಬೇಡ ತಾಳೇ,*
*ಒಂದು ಕಿವಿಗೆ ಓಲೆ ಉಂಟು,*
*ಇನ್ನೊಂದು ಓಲೆ ಎಲ್ಲಿ ಹೇಳೇ!*

ಮಂದತಾಳಿ ಎಂಬ ಹೆಂಡತಿ ಇರಲೇ ಇಲ್ಲ. ಜ್ವರವೂ ಬಂದಿರಲಿಲ್ಲ, ಯಾರೂ ಸತ್ತಿರಲಿಲ್ಲ. ಹೊರಗೆ ಹೊರಟ ಹುಡುಗಿಯೊಬ್ಬಳು ಓಲೆ ಹುಡುಕುತ್ತಾ, ಬಾಗಿಲಲ್ಲಿ ಕಾಯುತ್ತಿರುವ ಗೆಳತಿಗೆ, ಬಂದೆ ತಾಳೇ ಎಂದು ಕೂಗುತ್ತಿದ್ದಾಳೆ. ಮೊದಲು ಹಾಸಿಗೆಯಲ್ಲಿ ಹುಡುಕುತ್ತಾಳೆ, ಆಮೇಲೆ ಹಿಟ್ಟಿನ ಡಬ್ಬಿಯಲ್ಲಿ, ಆಮೇಲೆ ಬೆಕ್ಕಿನ ಮೇಲೆ ಅನುಮಾನ. ಮೂರನೆಯ ಚರಣ ದಾಟಿ, ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕೇಳಿರದ ನಾಲ್ಕನೆಯ ಚರಣ ಬಂತು. ಓಲೆ ಸಿಕ್ಕಿತು. *ಕಿವಿಯಲ್ಲೇ ಇತ್ತು ನೋಡೇ!* ಎಂದು ಹಾಡಿ ಅವಳು ನಗು ತಡೆಯಲಾರದೆ ನಕ್ಕುಬಿಟ್ಟಳು. ಆ ನಗೆಯೂ ಪ್ಲೇಟಿನಲ್ಲಿತ್ತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ. ಅರವತ್ತು ವರ್ಷ ನಾವು ಅತ್ತದ್ದು ಇದಕ್ಕೆ.

"ಈ ಕಡ್ಡಿ ತಾನಾಗೇ ಸರಿದುಬಿಟ್ರೆ?" ಎಂದು ಹೊರಡುವಾಗ ರಿಪೇರಿಯವರನ್ನು ಕೇಳಿದೆ. ನಾಲ್ಕು ಸಲ ಕೇಳಿದೆನಂತೆ. ಅವರು ಸ್ಕ್ರೂ ಬಿಗಿ ಮಾಡಿ ಕಳಿಸಿದರು.

ಮನೆಯಲ್ಲಿ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲಿಟ್ಟೆವು. ಏನೂ ಹೇಳಬಾರದು, ಕೇಳಿಯೇ ಬೆರಗಾಗಲಿ ಎಂದು ನಾನು ಬಾಯಿ ಬಿಗಿಹಿಡಿದಿದ್ದೆ. ದೊಡ್ಡಮ್ಮ ತಲೆ ಬಾಚಿ ಬಂದು ಎಂದಿನ ಕುರ್ಚಿಯಲ್ಲಿ ಕೂತು ತಾನೇ ಇಪ್ಪತ್ತು ಸುತ್ತು ಕೊಟ್ಟಳು. ಅಮ್ಮ ಮುಳ್ಳಿಟ್ಟಳು.

ಮೊದಲ ಸಾಲಿಗೇ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಎರಡನೆಯ ಸಾಲಿಗೆ ಸೆರಗು ಸಾಲಲಿಲ್ಲ. "ಅಯ್ಯಯ್ಯೋ, ನಮ್ಮ ನಿಧಾನಪ್ಪ ಜಡೆ ಹಾಕ್ಕೊಂಡುಬಿಟ್ನಲ್ಲೇ!" ಎಂದು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ಆ ಹುಡುಗಿ ಹಿಟ್ಟಿನ ಡಬ್ಬಿಗೆ ಕೈ ಹಾಕಿದ್ದಳು.

ದೊಡ್ಡಮ್ಮ ನಮ್ಮಿಬ್ಬರ ಮುಖವನ್ನೂ ನೋಡಿದಳು. ಆಮೇಲೆ ತಿರುಗುತ್ತಿದ್ದ ತಟ್ಟೆಯನ್ನು.

"ಸಾಕು ನಕ್ಕಿದ್ದು. ಹಾಡು ಶುರು ಮಾಡ್ರೇ," ಅಂದಳು.

ಅಮ್ಮನ ನಗು ಅರ್ಧಕ್ಕೆ ನಿಂತಿತು. ಹಾಡು ನಡೆಯುತ್ತಲೇ ಇತ್ತು.

"ಅಕ್ಕಾ, ಹಾಡ್ತಿದೆ. ಕೇಳಿಸ್ತಿಲ್ವಾ?"

"ಏನೋ ದಬದಬ ಅಂತಿದೆ. ತಮಟೆ ಥರ. ಅವನೆಲ್ಲಿ?"

ನನ್ನ ಕಣ್ಣ ಮುಂದೆ ಡಾಕ್ಟರ ಹಾಳೆ ಬಂದು ನಿಂತಿತು. ನೆಟ್ಟಗಿನ ಸ್ವಲ್ಪ ಗೆರೆ, ಆಮೇಲೆ ಬಾವಿಯ ಮೆಟ್ಟಿಲು. ನಿಧಾನಪ್ಪ ಆ ನೆಟ್ಟಗಿನ ಗೆರೆಯ ಮೇಲೆ ನಿಂತಿದ್ದ. ನಾನು ಅವನನ್ನು ಸರಿಪಡಿಸಿ, ಅವಳ ಕಿವಿ ಏರಲಾರದ ಎತ್ತರಕ್ಕೆ ಕಳಿಸಿಬಿಟ್ಟಿದ್ದೆ.

ದೊಡ್ಡಮ್ಮ ತಾನೇ ಮುಳ್ಳನ್ನು ಎತ್ತಿ ಮುಚ್ಚಳ ಹಾಕಿದಳು. "ಹೋಗ್ಲಿ ಬಿಡ್ರೇ. ಅವನು ಕೆಟ್ಟಿಲ್ಲ, ನಾನೇ ಕೆಟ್ಟಿದೀನಿ. ಹೊರಟೋದ ಅಂದ್ಕೊಂಡ್ರಾಯ್ತು," ಎಂದು ಕೋಣೆಗೆ ಹೋದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಅಚ್ಚುಕೂಟದಲ್ಲಿ ಒಂದೇ ಪುಟ ಹಿಡಿದು ಬೆಳಗೆಲ್ಲ ಕೂತಿದ್ದೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ತಪ್ಪೆಂದು ಹೊಡೆದುಹಾಕಿದ ಪದ ಆಮೇಲೆ ಸರಿಯೆನಿಸಿದರೆ, ಅದರ ಅಡಿಯಲ್ಲಿ ಚುಕ್ಕಿಗಳನ್ನಿಟ್ಟು ಅಂಚಿನಲ್ಲಿ 'ಇರಲಿ' ಎಂದು ಬರೆಯುತ್ತೇವೆ. ಅಕ್ಷರ ಜೋಡಿಸುವವರು ಅದನ್ನು ಹಾಗೇ ಉಳಿಸುತ್ತಾರೆ. ಹನ್ನೊಂದು ವರ್ಷದಲ್ಲಿ ನಾನು 'ಇರಲಿ' ಬರೆದದ್ದು ಬೆರಳೆಣಿಕೆಯಷ್ಟು ಸಲ. ಹೊಡೆದದ್ದು ಹೊಡೆದದ್ದೇ. ಆವತ್ತು ಪುಟದ ಅಂಚಿನಲ್ಲಿ, ಯಾವ ಪದಕ್ಕೂ ಸೇರದಂತೆ, ಅದೊಂದು ಮಾತು ಬರೆದಿದ್ದೆ. ಅಳಿಸಿ, ಊಟದ ಬಿಡುವಿನಲ್ಲಿ ರಿಪೇರಿಯವರಿಗೆ ಫೋನು ಮಾಡಿದೆ.

"ಅದನ್ನ ಮತ್ತೆ ಕೆಡಿಸೋದು ಹೇಗೆ?"

"ಏನಂದ್ರಿ?"

"ಮೊದಲಿನ ಹಾಗೆ. ನಿಧಾನವಾಗಿ. ನಮ್ಮ ದೊಡ್ಡಮ್ಮನಿಗೆ ತಗ್ಗಿನ ದನಿ ಮಾತ್ರ ಕೇಳಿಸೋದು."

ಅವರು ಫೋನಿನಲ್ಲೇ ನಕ್ಕರು.

"ನಲವತ್ತು ವರ್ಷದಲ್ಲಿ, ಸರಿ ಮಾಡಿದ್ದನ್ನ ಕೆಡಿಸಿಕೊಡಿ ಅಂದೋರು ನೀವೇ ಮೊದಲು. ಮಿಕ್ಕೋರು ತಾವೇ ಕೆಡಿಸ್ಕೋತಾರೆ." ಆಮೇಲೆ ದನಿ ಮೆತ್ತಗಾಯಿತು. "ಇಲ್ಲಿಗೆ ತರಬೇಡಿ. ಕನ್ನಡಕದ ಸ್ಕ್ರೂ ತಿರುಗಿಸೋದು ಇರುತ್ತಲ್ಲ, ಅದು ಸಾಕು. ಅರ್ಧ ಸುತ್ತು ಸಡಿಲ ಮಾಡಿ, ಕಡ್ಡಿ ಸರಿಸಿ."

"ನಾನಾ?"

"ಮತ್ತೆ ನಿಮ್ಮ ತಾತನ್ನ ಕರೀತೀರಾ?"

ಸಂಜೆ ಮನೆಗೆ ಬಂದವಳೇ ಕೈ ತೊಳೆದು, ಎರಡು ಸಲ ಒರೆಸಿಕೊಂಡು, ಪೆಟ್ಟಿಗೆಯ ಮುಚ್ಚಳ ಎತ್ತಿದೆ. ನಾಲ್ಕನೆಯ ವಯಸ್ಸಿನ ನಂತರ ಮೊದಲ ಸಲ ನಾನೇ. ಕೂರುವ ಮೊದಲು ಕುರ್ಚಿ ನೋಡಿದೆ. ಪಡುವಣ ಕಿಟಕಿಯ ಬೆಳಕು ತಟ್ಟೆಯ ಹಸಿರಿನ ಮೇಲೆ ಬಿದ್ದು, ಕೆರೆಯ ತಳ ಕಂಡ ಹಾಗಿತ್ತು. ಸ್ಕ್ರೂ ಅಕ್ಕಿಕಾಳಿನಷ್ಟೇ. ಅದು ಅರ್ಧ ಸುತ್ತು ತಿರುಗಿತು, ಏನೂ ಮುರಿಯಲಿಲ್ಲ.

ಕಡ್ಡಿಯನ್ನು ಎಲ್ಲಿಯವರೆಗೆ ಸರಿಸಬೇಕು ಎಂಬುದು ಯೋಚನೆಯಾಗಿತ್ತು. ಬಗ್ಗಿ ನೋಡಿದರೆ, ಪ್ಲಾಸ್ಟರು ಇದ್ದಲ್ಲಿ ಅದರ ಅಂಟಿನ ಕಲೆ ಉಳಿದಿತ್ತು. ಕಲೆಯ ನಡುವೆ, ಕಡ್ಡಿ ಅಷ್ಟು ವರ್ಷ ಒರಗಿದ್ದ ಜಾಗ ತೆಳ್ಳಗೆ ಬೆಳ್ಳಗಿತ್ತು. ಅಲ್ಲಿಗೆ ಸರಿಸಿದೆ. ತನ್ನ ಹಾಸಿಗೆಯ ತಗ್ಗಿಗೆ ಮೈ ಇಟ್ಟವರ ಹಾಗೆ ಕೂತುಕೊಂಡಿತು.

ಆಮೇಲೆ ಕೀಲಿ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು.

ಅಡುಗೆಮನೆಯಿಂದ ಅಮ್ಮ, "ಇಪ್ಪತ್ತಾಯ್ತು ಕಣೇ!"

ಇಪ್ಪತ್ತೊಂದು.

"ಏ, ಕೇಳಿಸ್ತಾ? ನಿನಗೂ ದೊಡ್ಡಮ್ಮನ ಕಿವಿ ಬಂತಾ?" ಎನ್ನುತ್ತಾ ಸೌಟು ಹಿಡಿದು ಬಾಗಿಲಿಗೆ ಬಂದ ಅಮ್ಮ, ನನ್ನ ಕೈ ಮೂವತ್ತು ದಾಟಿದ್ದನ್ನು ನೋಡಿ ಅಲ್ಲೇ ಚೌಕಟ್ಟಿಗೆ ಒರಗಿ ನಿಂತಳು. ಸ್ಪ್ರಿಂಗು ಒಳಗೆ ನಾಯಿಮರಿಯ ಹಾಗೆ ಒಮ್ಮೆ ಕುಂಯ್ ಎಂದಿತು. ಮೂವತ್ತಾರಕ್ಕೆ ನಿಲ್ಲಿಸಿ ಮುಳ್ಳನ್ನು ಇಳಿಸಿದೆ.

ಇಸ್ತ್ರಿಯ ಸದ್ದು. ಅದರ ಹಿಂದೆ, ನೆಲಮಾಳಿಗೆಯಲ್ಲಿ ಮಂಚ ಸರಿಯಿತು. "ಮಂ...ದೇ...ತಾ...ಳೀ..."

ಕೋಣೆಯ ಬಾಗಿಲು ತೆರೆಯಿತು. ದೊಡ್ಡಮ್ಮ ಅರ್ಧ ಬಾಚಿದ ತಲೆಯಲ್ಲಿ, ಕೈಯಲ್ಲಿ ಬಾಚಣಿಗೆ ಹಿಡಿದೇ ಬಂದಳು. ಬರಿಗಾಲು. ಅವಳ ಮುಖ ನಿದ್ದೆಯಲ್ಲಿ ನಡೆಯುವವರ ಹಾಗಿತ್ತು.

"ಬಂದ್ನಾ?" ಅಂದಳು.

ಕುರ್ಚಿಯಲ್ಲಿ ಕೂತು ಅಂಗೈಯನ್ನು ಮುಚ್ಚಳದ ಅಂಚಿಗೆ ಒತ್ತಿದಳು. ನಾನು ಅವಳ ಎದುರು ನೆಲದ ಮೇಲೆ ಕೂತೆ. ಅವಳು ಈಗೀಗ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಿದ್ದಳು. ಹಾಡು ಎಳೆದಷ್ಟು ಉದ್ದಕ್ಕೆ ನಾನೂ ಎಳೆದು, ಸದ್ದಿಲ್ಲದೆ ತುಟಿಯಾಡಿಸಿದೆ: ಬಂ...ದೆ... ತಾ...ಳೇ...

"ಏನೇ ಅದು?"

"ಮಂದತಾಳಿ ಅಲ್ಲ ದೊಡ್ಡಮ್ಮ. ಬಂದೆ, ತಾಳೇ. ಬಂದೆ, ಸ್ವಲ್ಪ ತಾಳು ಅಂತ."

"ಯಾರಿಗೆ ಹೇಳ್ತಾನೆ?"

"ಅವನಲ್ಲ, ಅವಳು. ಗೆಳತಿ ಬಾಗಿಲಲ್ಲಿ ಕಾಯ್ತಿದಾಳೆ. ಇವಳ ಒಂದು ಓಲೆ ಕಳೆದಿದೆ. ಹುಡುಕ್ತಿದಾಳೆ."

ದೊಡ್ಡಮ್ಮ ನನ್ನ ತುಟಿಯನ್ನೇ ನೋಡುತ್ತಿದ್ದಳು. "ಮತ್ತೆ ಹೆಂಡತಿ? ಜ್ವರ?"

ನಾನು ಇಲ್ಲವೆಂದು ತಲೆಯಾಡಿಸಿದೆ.

ಅವಳ ಗದ್ದ ಅಲುಗಿತು. ಅಳುತ್ತಾಳೇನೋ ಎಂದುಕೊಂಡೆ. ನಗುತ್ತಿದ್ದಳು. "ಹಾಳಾದೋಳು! ಒಂದು ಓಲೆಗೆ ಇಷ್ಟು ವರ್ಷ ಗೋಳು ಹುಯ್ಕೊಂಡ್ಳಾ ನಮ್ಮನ್ನ!" ಎಂದು ಅಮ್ಮನ ಕಡೆ ತಿರುಗಿ, "ಕೇಳಿದೆಯೇನೇ, ಸತ್ತಿಲ್ವಂತೆ ಕಣೇ ಯಾರೂ!" ಎಂದು ಕೂಗಿದಳು.

"ಹೆಂಗಸಂತೆ ಅಕ್ಕಾ!" ಅಮ್ಮ ಸೌಟನ್ನೇ ಆಡಿಸಿ ಹೇಳಿದಳು.

"ಆಗ್ಲಿ ಬಿಡು. ಹೆಂಗಸಾದ್ರೂ ನಮ್ಮನೆ ನಿಧಾನಪ್ಪ ನಿಧಾನಪ್ಪನೇ."

ಹಾಸಿಗೆ ಆಯಿತು, ಹಿಟ್ಟಿನ ಡಬ್ಬಿ ಆಯಿತು. ಒಂದೊಂದನ್ನೂ ನಾನು ತುಟಿಯಲ್ಲಿ ಹೇಳಿದೆ. ಬೆಕ್ಕಿನ ಮೇಲೆ ಅನುಮಾನ ಬಂದಾಗ, "ಛೆ, ಪಾಪ," ಅಂದಳು. ಮೂರನೆಯ ಚರಣದ ಕೊನೆ ಬಂದಾಗ ಅವಳ ಕೈ ಅಭ್ಯಾಸದಿಂದ ಮುಳ್ಳಿನ ಕಡೆ ಹೋಯಿತು, ಅವನು ನಿದ್ದೆ ಹೋಗುವ ಜಾಗ ಅದು. ಅವನು ಹೋಗಲಿಲ್ಲ. ದನಿ ನೆಟ್ಟಗೆ, ದಪ್ಪಗೆ, ಹಾದಿ ದಾಟಿ ಮುಂದಕ್ಕೆ ನಡೆಯಿತು.

ದೊಡ್ಡಮ್ಮನ ಕೈ ಗಾಳಿಯಲ್ಲೇ ನಿಂತಿತು. ಅವಳು ಹುಟ್ಟಿದ ಮನೆಯಲ್ಲೇ ಹೊಸ ಕೋಣೆಯೊಂದರ ಬಾಗಿಲು ತೆರೆದ ಹಾಗೆ ನೋಡುತ್ತಿದ್ದಳು. ಓಲೆ ಸಿಕ್ಕಿದ ಜಾಗ ಬಂತು. ನಾನು ಬಾಯಿಂದ ಹೇಳಲಿಲ್ಲ. ನನ್ನ ಕಿವಿಯನ್ನು ಮುಟ್ಟಿ ತೋರಿಸಿದೆ. ಅವಳೂ ತನ್ನ ಕಿವಿಯನ್ನು ಮುಟ್ಟಿಕೊಂಡಳು, ಮೊದಲು ಕೆಟ್ಟ ಬಲಗಿವಿ, ಆಮೇಲೆ ಕೆಡುತ್ತಿರುವ ಎಡಗಿವಿ. ಆ ಹುಡುಗಿಯ ನಗು, ನಿಧಾನಕ್ಕೆ ಇಳಿದು, ಮುದಿ ಅಜ್ಜನೊಬ್ಬ ಹೊಟ್ಟೆಯೊಳಗೇ ನಗುವ ನಗುವಾಗಿ ಮನೆ ತುಂಬಿತು.

ಹಾಡು ಮುಗಿಯಿತು. ಮುಳ್ಳು ಒಳಗಿನ ಸುತ್ತಿಗೆ ಬಂದು ಬರಿಯ ಇಸ್ತ್ರಿಯ ಸದ್ದು ಉಳಿಯಿತು. ಪ್ಲೇಟು ಸವೆದೀತು ಎಂದು ನಾನು ಎತ್ತಲು ಹೋದೆ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ, ಬಾಚಣಿಗೆ ಹಿಡಿದ ಕೈಯಿಂದ ನನ್ನ ಮಣಿಕಟ್ಟನ್ನು ತಡೆದಳು. ಇನ್ನೊಂದು ಅಂಗೈ ಮುಚ್ಚಳದ ಮೇಲೇ ಇತ್ತು.

"ತಾಳೇ," ಅಂದಳು.

ತಟ್ಟೆ ತಿರುಗುತ್ತಲೇ ಇತ್ತು.